ಮುದ್ರಿತ ಎಲೆಕ್ಟ್ರೋಡ್ ಕೈಕೊಟ್ಟಾಗ: ಸಾವಯವ ಟ್ರಾನ್ಸಿಸ್ಟರ್‌ಗಳ ದೋಷ ಪತ್ತೆ

ಸಾವಯವ ಟ್ರಾನ್ಸಿಸ್ಟರ್, ಅಂದರೆ ಇಂಗಾಲದ ಸಂಯುಕ್ತವೇ ಅರೆವಾಹಕವಾಗಿರುವ ಟ್ರಾನ್ಸಿಸ್ಟರ್, ಕಡಿಮೆ ಪ್ರವಾಹ ಕೊಟ್ಟರೆ ಪ್ರಯೋಗಾಲಯದಲ್ಲಿ ಮೊದಲು ಬೈಸಿಕೊಳ್ಳುವುದು ಅರೆವಾಹಕ. ಪಾಲಿಮರ್ ಹಳೆಯದಾಯಿತು, ಈ ಬ್ಯಾಚ್ ಸರಿಯಿಲ್ಲ, ದ್ರಾವಕ ಬದಲಿಸೋಣ ಎಂದು ಮಾತು ಶುರುವಾಗುತ್ತದೆ. ಹೊಸ ಬಾಟಲಿ ತರಿಸುತ್ತಾರೆ, ಕಾಯಿಸುವ ಉಷ್ಣತೆ ಬದಲಿಸುತ್ತಾರೆ, ವಾರಗಟ್ಟಲೆ ಸಮಯ ಹೋಗುತ್ತದೆ. ಪ್ರವಾಹ ಒಳಬರುವ ಮತ್ತು ಹೊರಹೋಗುವ ಎಲೆಕ್ಟ್ರೋಡ್‌ಗಳಾದ ಸೋರ್ಸ್ ಮತ್ತು ಡ್ರೇನ್‌ಗಳನ್ನು ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದರೆ ಈ ಕ್ರಮ ತಲೆಕೆಳಗಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಎಲೆಕ್ಟ್ರೋಡನ್ನು ವಿಚಾರಿಸಬೇಕು, ಅದು ನಿರ್ದೋಷಿ ಎಂದು ಗೊತ್ತಾದ ಮೇಲೆ ಮಾತ್ರ ಅರೆವಾಹಕದ ಕಡೆ ತಿರುಗಬೇಕು. ದುಬಾರಿ ವಸ್ತು ಮತ್ತು ವಿದ್ಯಾರ್ಥಿಗಳ ಅಮೂಲ್ಯ ತಿಂಗಳುಗಳು ಎರಡೂ ಉಳಿಯುವ ದಾರಿ ಇದು.

ಇಲ್ಲಿ ನಾನು ಎದುರಿಗಿಟ್ಟುಕೊಂಡಿರುವ ಸಾಧನ ಒಂದೇ. ಕೆಳಗೆ ಪ್ರವಾಹವನ್ನು ನಿಯಂತ್ರಿಸುವ ಗೇಟ್, ಅದರ ಮೇಲೆ ಅವಾಹಕ ಪದರ, ಅದರ ಮೇಲೆ ಬೆಳ್ಳಿಯ ನ್ಯಾನೊ ಕಣಗಳ ಶಾಯಿಯಿಂದ ಮುದ್ರಿಸಿದ ಸೋರ್ಸ್ ಮತ್ತು ಡ್ರೇನ್, ಎಲ್ಲದರ ಮೇಲೆ ದ್ರಾವಣದಿಂದ ಲೇಪಿಸಿದ ಪಿ-ಮಾದರಿಯ (ಧನ ಆವೇಶ ಹರಿಸುವ) ಸಾವಯವ ಅರೆವಾಹಕ. ಕಲಿಯುವವರು ಸಾಮಾನ್ಯವಾಗಿ ಇದರಿಂದಲೇ ಆರಂಭಿಸುತ್ತಾರೆ, ಸಂಪರ್ಕದ ತೊಂದರೆ ಹೆಚ್ಚಾಗಿ ಕಾಡುವುದೂ ಇದರಲ್ಲೇ. ಪಿ-ಮಾದರಿಯಲ್ಲಿ ವೋಲ್ಟೇಜ್‌ಗಳೆಲ್ಲ ಋಣಾತ್ಮಕ. ಕೆಳಗೆ ಚಿಹ್ನೆ ಬಿಟ್ಟು ಪ್ರಮಾಣವನ್ನಷ್ಟೇ ಹೇಳಿದ್ದೇನೆ.

ಏನನ್ನೂ ಬದಲಿಸುವ ಮೊದಲು

ದೋಷವಿರುವ ಸಾಧನವನ್ನು ಎಸೆಯಬೇಡಿ, ಮತ್ತೆ ಕಾಯಿಸಲೂ ಬೇಡಿ. ಅದರಿಂದ ತಿಳಿಯಬೇಕಾದದ್ದು ಬಹಳಷ್ಟಿದೆ.

ಮೊದಲು ಔಟ್‌ಪುಟ್ ವಕ್ರರೇಖೆ, ಅಂದರೆ ಡ್ರೇನ್ ವೋಲ್ಟೇಜ್ ಏರಿಸುತ್ತ ಹೋದಾಗ ಬರುವ ಪ್ರವಾಹದ ರೇಖೆ. ಡ್ರೇನ್ ವೋಲ್ಟೇಜ್ ಸೊನ್ನೆಯಿಂದ ಮೊದಲ ಕೆಲವು ವೋಲ್ಟ್‌ಗಳವರೆಗಿನ ಭಾಗವನ್ನು ದೊಡ್ಡದು ಮಾಡಿ ನೋಡಿ. ಒಳ್ಳೆಯ ಸಾಧನದಲ್ಲಿ ಪ್ರವಾಹ ಮೂಲಬಿಂದುವಿನಿಂದ ನೇರವಾಗಿ ಏರುತ್ತದೆ. ಆರಂಭದಲ್ಲಿ ತಗ್ಗಿ, ಆಮೇಲೆ ತಡವಾಗಿ ಮೇಲೆದ್ದರೆ ಲೋಹದಿಂದ ಅರೆವಾಹಕಕ್ಕೆ ಆವೇಶ ಇಳಿಯಲು ತಡೆಯಿದೆ ಎಂದರ್ಥ. ರೇಖೆ ನೇರವಾಗಿಯೇ ಇದ್ದು, ಗೇಟ್ ವೋಲ್ಟೇಜ್ ಹೆಚ್ಚಿದಂತೆಲ್ಲ ರೇಖೆಗಳು ಒಂದರ ಮೇಲೊಂದು ಒತ್ತರಿಸಿಕೊಂಡು ಬಂದರೆ ಸರಣಿಯಲ್ಲಿ ಎಲ್ಲೋ ದೊಡ್ಡ ರೋಧ ಕುಳಿತಿದೆ. ಡ್ರೇನ್ ವೋಲ್ಟೇಜ್ ಸೊನ್ನೆಯಾಗಿದ್ದಾಗಲೂ ಪ್ರವಾಹ ಸೊನ್ನೆಗೆ ಬಾರದೆ, ಪ್ರತಿ ಗೇಟ್ ವೋಲ್ಟೇಜ್‌ಗೂ ಬೇರೆ ಬೇರೆ ಜಾಗದಲ್ಲಿ ಅಕ್ಷವನ್ನು ಕತ್ತರಿಸಿದರೆ ಅದು ಗೇಟ್ ಸೋರಿಕೆ. ಅಂಥ ಸಾಧನದ ಉಳಿದ ಅಂಕಿಗಳನ್ನು ನಂಬಬಾರದು.

ಎರಡನೆಯದು ಪುಕ್ಕಟೆ ಪರೀಕ್ಷೆ, ಆದರೂ ಯಾಕೋ ಹೆಚ್ಚಿನವರು ಮಾಡುವುದಿಲ್ಲ. ಸೋರ್ಸ್ ಮತ್ತು ಡ್ರೇನ್ ತಂತಿಗಳನ್ನು ಅದಲುಬದಲು ಮಾಡಿ ಅದೇ ಅಳತೆಯನ್ನು ಮತ್ತೆ ತೆಗೆಯಿರಿ. ಎರಡೂ ಎಲೆಕ್ಟ್ರೋಡ್‌ಗಳು ಸಮಾನವಾಗಿದ್ದರೆ ವಕ್ರರೇಖೆ ಬದಲಾಗಬಾರದು. ಗಣನೀಯವಾಗಿ ಬದಲಾದರೆ ದೋಷ ಒಂದು ಗೆರೆಯದ್ದು, ಅರೆವಾಹಕದ್ದಲ್ಲ. ಮುದ್ರಣದಲ್ಲಿ ಎರಡು ಗೆರೆಗಳನ್ನು ಒಂದಾದ ಮೇಲೊಂದರಂತೆ ಎಳೆಯುವುದರಿಂದ ಎರಡನೆಯ ಗೆರೆ ಬರುವ ಹೊತ್ತಿಗೆ ಶಾಯಿ ಚಿಮ್ಮುವ ನಾಝಲ್ ಕಟ್ಟಿಕೊಂಡಿರುವುದು ಅಪರೂಪವೇನಲ್ಲ.

ಮೂರನೆಯದಾಗಿ, ಸಾಧ್ಯವಿದ್ದರೆ ಅದೇ ತಲದ (ಸಾಧನ ಕೂತ ಆಧಾರದ) ಒಂದು ಮೂಲೆಯಲ್ಲಿ ನಿರ್ವಾತದಲ್ಲಿ ಆವಿಮಾಡಿ ಕೂರಿಸಿದ ಚಿನ್ನದ ಎಲೆಕ್ಟ್ರೋಡ್ ಇಟ್ಟುಕೊಳ್ಳಿ. ಅದೇ ಅರೆವಾಹಕ, ಅದೇ ಲೇಪನ, ಅದೇ ದಿನ. ಚಿನ್ನದ ಸಾಧನ ಚೆನ್ನಾಗಿದ್ದು ಬೆಳ್ಳಿಯದು ಕೆಟ್ಟಿದ್ದರೆ ವಿಚಾರಣೆ ಅರ್ಧ ಮುಗಿದಂತೆ. ಒಂದು ಎಚ್ಚರ: ಹೋಲಿಕೆಯ ಚಿನ್ನವನ್ನೂ ಅರೆವಾಹಕದ ಕೆಳಗೇ ಇಡಿ. ಅರೆವಾಹಕದ ಮೇಲೆ ಕೂರಿಸಿದರೆ ಆ ರಚನೆಯಿಂದಲೇ ಸಂಪರ್ಕ ರೋಧ (ಎಲೆಕ್ಟ್ರೋಡ್ ಮತ್ತು ಅರೆವಾಹಕ ಸೇರುವಲ್ಲಿನ ರೋಧ) ಕಡಿಮೆಯಾಗುತ್ತದೆ, ಹೋಲಿಕೆ ಅನ್ಯಾಯದ್ದಾಗುತ್ತದೆ.

ಸಂಪರ್ಕ ರೋಧವನ್ನು ಅಳೆಯುವುದು

ಇಡೀ ಪತ್ತೆಯ ಜೀವಾಳ ಇಲ್ಲಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಸೋರ್ಸ್ ಮತ್ತು ಡ್ರೇನ್ ನಡುವಿನ ಹಾದಿಯೇ ಚಾನೆಲ್. ಒಂದೇ ಅಗಲ, ಬೇರೆ ಬೇರೆ ಚಾನೆಲ್ ಉದ್ದದ ನಾಲ್ಕೈದು ಸಾಧನಗಳನ್ನು ಒಟ್ಟಿಗೆ ಮುದ್ರಿಸಿ. ಡ್ರೇನ್ ವೋಲ್ಟೇಜ್ ಚಿಕ್ಕದಾಗಿಟ್ಟು ಪ್ರತಿಯೊಂದರ ಒಟ್ಟು ರೋಧವನ್ನು ಅಳೆದು, ಉದ್ದದ ಎದುರು ಗುರುತಿಸಿ. ಬಿಂದುಗಳು ಒಂದು ಸರಳರೇಖೆಯ ಮೇಲೆ ಬರಬೇಕು. ಆ ರೇಖೆಯನ್ನು ಉದ್ದ ಸೊನ್ನೆಯಾಗುವವರೆಗೆ ಹಿಂದಕ್ಕೆ ಎಳೆದರೆ ಅದು ಅಕ್ಷವನ್ನು ಮುಟ್ಟುವ ಎತ್ತರವೇ ಸೋರ್ಸ್ ಮತ್ತು ಡ್ರೇನ್‌ಗಳ ಒಟ್ಟು ಸಂಪರ್ಕ ರೋಧ. ರೇಖೆಯ ಓರೆ ಅರೆವಾಹಕದ ಚಾನೆಲ್‌ನದ್ದು.

ಉದಾಹರಣೆಗೆ ಅಂಕಿಗಳನ್ನು ಹಾಕಿ ನೋಡೋಣ. ಚಾನೆಲ್ ಅಗಲ 1000 ಮೈಕ್ರೊಮೀಟರ್. ಉದ್ದ 50, 100, 150, 200 ಮೈಕ್ರೊಮೀಟರ್ ಇದ್ದಾಗ ಒಟ್ಟು ರೋಧ ಕ್ರಮವಾಗಿ 3, 4, 5, 6 ಮೆಗಾಓಮ್ ಬಂತು ಎಂದುಕೊಳ್ಳಿ. ಪ್ರತಿ 50 ಮೈಕ್ರೊಮೀಟರ್‌ಗೆ 1 ಮೆಗಾಓಮ್ ಏರಿಕೆ. ಹಿಂದಕ್ಕೆ ಎಳೆದರೆ ಉದ್ದ ಸೊನ್ನೆಯಲ್ಲಿ 2 ಮೆಗಾಓಮ್ ಉಳಿಯುತ್ತದೆ. ಅಂದರೆ 50 ಮೈಕ್ರೊಮೀಟರ್ ಸಾಧನದ 3 ಮೆಗಾಓಮ್‌ನಲ್ಲಿ ಅರೆವಾಹಕದ ಪಾಲು ಕೇವಲ 1, ಉಳಿದ 2 ಸಂಪರ್ಕದ್ದು. ಅವಾಹಕ ಪದರ 300 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ಡೈಆಕ್ಸೈಡ್ ಆಗಿದ್ದರೆ ಅದರ ಧಾರಕತೆ ಚದರ ಸೆಂಟಿಮೀಟರಿಗೆ ಸುಮಾರು 11.5 ನ್ಯಾನೊಫ್ಯಾರಡ್. ಗೇಟ್ ವೋಲ್ಟೇಜ್ ಹೊಸ್ತಿಲಿಗಿಂತ (ಸಾಧನ ಹರಿಸಲು ತೊಡಗುವ ಗೇಟ್ ವೋಲ್ಟೇಜ್‌ಗಿಂತ) 30 ವೋಲ್ಟ್ ಮೇಲಿದ್ದರೆ, ರೇಖೆಯ ಓರೆಯಿಂದ ಸಿಗುವ ನಿಜವಾದ ಮೊಬಿಲಿಟಿ (ಆವೇಶ ಎಷ್ಟು ಸಲೀಸಾಗಿ ಚಲಿಸುತ್ತದೆ ಎಂಬುದರ ಅಳತೆ) ವೋಲ್ಟ್-ಸೆಕೆಂಡಿಗೆ ಸುಮಾರು 0.145 ಚದರ ಸೆಂಟಿಮೀಟರ್. ಆದರೆ ಸಂಪರ್ಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ 50 ಮೈಕ್ರೊಮೀಟರ್ ಸಾಧನ ಒಂದರಿಂದಲೇ ಲೆಕ್ಕ ಹಾಕಿದವರಿಗೆ ಸಿಗುವುದು 0.048. 200 ಮೈಕ್ರೊಮೀಟರ್ ಸಾಧನದಿಂದ ಹಾಕಿದವರಿಗೆ 0.097. ಒಂದೇ ಲೇಪನ, ಒಂದೇ ಅರೆವಾಹಕ, ಮೂರು ಉತ್ತರ. ಚಾನೆಲ್ ಚಿಕ್ಕದು ಮಾಡಿದಷ್ಟೂ ಮೊಬಿಲಿಟಿ ಬೀಳುತ್ತಿದೆ ಎಂದು ಕಂಡರೆ ಪಾಲಿಮರನ್ನು ಬೈಯುವುದು ಅನ್ಯಾಯ.

ಈ ವಿಧಾನ ಮುದ್ರಿತ ಸಾಧನಗಳಲ್ಲಿ ದಾರಿ ತಪ್ಪಿಸುವ ಜಾಗಗಳು ಎರಡು. ವಿನ್ಯಾಸದ ಚಿತ್ರದಲ್ಲಿ ಬರೆದ ಉದ್ದವನ್ನು ಎಂದೂ ಬಳಸಬಾರದು. ಹನಿ ತಲದ ಮೇಲೆ ಹರಡುವುದರಿಂದ 50 ಎಂದು ಬರೆದದ್ದು 35 ಆಗಿ ಬರಬಹುದು. ಸೂಕ್ಷ್ಮದರ್ಶಕದಲ್ಲಿ ಚಾನೆಲ್‌ನ ಉದ್ದವನ್ನು ಹಲವು ಕಡೆ ಅಳೆದು ಸರಾಸರಿ ತೆಗೆಯಿರಿ. ಹಿಂದಕ್ಕೆ ಎಳೆದ ರೇಖೆ ಅಕ್ಷವನ್ನು ಸೊನ್ನೆಗಿಂತ ಕೆಳಗೆ ಮುಟ್ಟಿದರೆ ಅದಕ್ಕೆ ಸಾಮಾನ್ಯ ಕಾರಣ ಇದೇ: ನಿಜವಾದ ಚಾನೆಲ್ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಿದೆ. ಇನ್ನೊಂದು, ಎಲ್ಲ ಸಾಧನಗಳನ್ನೂ ಒಂದೇ ಗೇಟ್ ವೋಲ್ಟೇಜ್‌ನಲ್ಲಿ ಹೋಲಿಸಬೇಡಿ. ಪ್ರತಿಯೊಂದರ ಹೊಸ್ತಿಲು ವೋಲ್ಟೇಜ್‌ನಿಂದ ಸಮಾನ ಎತ್ತರದಲ್ಲಿ ಹೋಲಿಸಿ. ಹೊಸ್ತಿಲು ಸಾಧನದಿಂದ ಸಾಧನಕ್ಕೆ ಕೆಲವು ವೋಲ್ಟ್ ಆಚೀಚೆ ಆದರೂ ರೇಖೆ ಹಾಳಾಗುತ್ತದೆ.

ಗೆರೆಯ ಸ್ವಂತ ರೋಧ

ಮಲ್ಟಿಮೀಟರ್ ಹಿಡಿದು ಗೆರೆಯ ಎರಡು ತುದಿ ಮುಟ್ಟಿಸಿ, ಕೆಲವೇ ಓಮ್ ತೋರಿಸಿದರೆ ಎಲೆಕ್ಟ್ರೋಡ್ ಸರಿಯಿದೆ ಎಂದು ತೀರ್ಮಾನಿಸುವುದು ಬಹಳ ಸಾಮಾನ್ಯ. ಆ ಅಳತೆ ಬೇಕು, ಆದರೆ ಅದು ಹೇಳುವುದು ಸ್ವಲ್ಪವೇ. ಘನ ಬೆಳ್ಳಿಯ ರೋಧಶೀಲತೆ 1.59 ಮೈಕ್ರೊಓಮ್-ಸೆಂಟಿಮೀಟರ್. ಮುದ್ರಿಸಿ ಕಾಯಿಸಿದ ಬೆಳ್ಳಿ ಅದರ ಐದು ಪಟ್ಟು, ಅಂದರೆ 8ರಷ್ಟಿದೆ ಎನ್ನೋಣ. 300 ನ್ಯಾನೊಮೀಟರ್ ದಪ್ಪ, 60 ಮೈಕ್ರೊಮೀಟರ್ ಅಗಲ, 5 ಮಿಲಿಮೀಟರ್ ಉದ್ದದ ಗೆರೆಗೆ ರೋಧ ಸುಮಾರು 22 ಓಮ್. ಮೆಗಾಓಮ್‌ಗಳಲ್ಲಿ ಅಳೆಯುವ ಚಾನೆಲ್‌ನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಆದ್ದರಿಂದ ಬೆಳ್ಳಿಯ ಗೆರೆ ಚೆನ್ನಾಗಿ ಹರಿಸುತ್ತಿದೆ ಎಂಬುದಕ್ಕೂ ಅರೆವಾಹಕಕ್ಕೆ ಆವೇಶ ಚೆನ್ನಾಗಿ ಇಳಿಯುತ್ತಿದೆ ಎಂಬುದಕ್ಕೂ ಸಂಬಂಧ ಕಡಿಮೆ.

ಎಲೆಕ್ಟ್ರೋಡ್ ಬೆಳ್ಳಿಯದ್ದಾಗಿರದೆ ಪೆಡಾಟ್-ಪಿಎಸ್‌ಎಸ್ ಎಂಬ ವಾಹಕ ಪಾಲಿಮರ್‌ನದ್ದಾಗಿದ್ದರೆ ಮಾತು ಬೇರೆ. ಅದರ ವಾಹಕತೆ ಸೆಂಟಿಮೀಟರಿಗೆ 100 ಸೀಮೆನ್ಸ್, ದಪ್ಪ 100 ನ್ಯಾನೊಮೀಟರ್ ಎಂದರೆ ಅದೇ ಅಳತೆಯ ಗೆರೆ ಸುಮಾರು 83 ಕಿಲೊಓಮ್ ತೋರಿಸುತ್ತದೆ. ಬಾಟಲಿಯಿಂದ ನೇರವಾಗಿ ತೆಗೆದು ಮುದ್ರಿಸಿದರೆ ಅನೇಕ ದರ್ಜೆಗಳಲ್ಲಿ ವಾಹಕತೆ 1 ಸೀಮೆನ್ಸ್‌ಗಿಂತಲೂ ಕಡಿಮೆ ಇರುತ್ತದೆ, ಶೇ. 5ರಷ್ಟು ಡಿಎಂಎಸ್‌ಒ ಎಂಬ ದ್ರಾವಕ ಅಥವಾ ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ನೂರಾರು ಸೀಮೆನ್ಸ್‌ಗೆ ಏರುತ್ತದೆ. ಬೆರೆಸಲು ಮರೆತ ಬ್ಯಾಚ್ ಅನ್ನು ಮಲ್ಟಿಮೀಟರ್ ಒಂದೇ ಕ್ಷಣದಲ್ಲಿ ಹಿಡಿದುಕೊಡುತ್ತದೆ.

ಬೆಳ್ಳಿ ಗೆರೆಯ ರೋಧ ನಿಜವಾಗಿಯೂ ಹೆಚ್ಚಿದ್ದರೆ ಬಣ್ಣ ನೋಡಿ. ಕಣಗಳ ಸುತ್ತ ಸಾವಯವ ಹೊದಿಕೆ ಇರುತ್ತದೆ. ಅವು ಶಾಯಿಯಲ್ಲಿ ಮುದ್ದೆಯಾಗದಿರಲು ಅದು ಬೇಕು. ಕಾಯಿಸಿದಾಗ ಆ ಹೊದಿಕೆ ಹೋಗಿ ಕಣಗಳು ಬೆಸೆದುಕೊಳ್ಳಬೇಕು. ಬೆಸೆದ ಗೆರೆ ಬಿಳಿ ಹೊಳಪಿನದು; ಕಂದು ಅಥವಾ ಮಬ್ಬು ಛಾಯೆ ಉಳಿದಿದ್ದರೆ ಬೇಯಿಸಿದ್ದು ಸಾಲದು. ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಒಂದು ಮೂಲೆಯನ್ನು ಮೆಲ್ಲಗೆ ಒರೆಸಿ: ಹತ್ತಿ ಕಪ್ಪಾದರೆ ಅರೆವಾಹಕ ಲೇಪಿಸುವಾಗ ಟಾಲ್ವೀನ್ ಅಥವಾ ಕ್ಲೋರೊಬೆಂಜೀನ್ ಕೂಡ ಅದೇ ಕಣಗಳನ್ನು ಎಬ್ಬಿಸಿ ಚಾನೆಲ್‌ಗೆ ತಂದು ಹಾಕುತ್ತದೆ. ಸಾಮಾನ್ಯ ಬೆಳ್ಳಿ ಶಾಯಿಗಳು 120ರಿಂದ 150 ಡಿಗ್ರಿ ಸೆಲ್ಸಿಯಸ್ ಬೇಡುತ್ತವೆ. ತಲವಾಗಿ ಬಳಸುವ ಪ್ಲಾಸ್ಟಿಕ್‌ಗಳಲ್ಲಿ ಪಿಇಟಿ ಹಾಳೆ ಆ ಶಾಖದಲ್ಲಿ ಕುಗ್ಗಿ ಸೊಟ್ಟಗಾಗುತ್ತದೆ, ಪಿಇಎನ್ ಸ್ವಲ್ಪ ತಡೆಯುತ್ತದೆ, ಪಾಲಿಇಮೈಡ್‌ಗೆ ಚಿಂತೆಯಿಲ್ಲ. ಪಿಇಟಿಯೇ ಬೇಕಿದ್ದರೆ ಕಡಿಮೆ ಶಾಖದ ಶಾಯಿ ಹುಡುಕಿ ಅಥವಾ ಕ್ಸೆನಾನ್ ದೀಪದ ಕ್ಷಣಿಕ ಬೆಳಕಿನಿಂದ ಬೆಸೆಯುವ ಯಂತ್ರ ಬಳಸಿ.

ಗೆರೆಯ ಆಕಾರ

ಸೂಕ್ಷ್ಮದರ್ಶಕದ ಕೆಳಗೆ ಗೆರೆ ಹೇಗೆ ಕಾಣುತ್ತದೆ ಎಂಬುದರಲ್ಲಿ ಅರ್ಧ ರೋಗನಿದಾನವಿದೆ. 10 ಪಿಕೊಲೀಟರ್ ಹನಿ ಗಾಳಿಯಲ್ಲಿ ಸುಮಾರು 27 ಮೈಕ್ರೊಮೀಟರ್ ವ್ಯಾಸದ ಗುಂಡು; ತಲದ ಮೇಲೆ ಬಿದ್ದಾಗ ಅದು ಎಷ್ಟು ಹರಡುತ್ತದೆ ಎಂಬುದು ತಲದ ಗುಣಕ್ಕೆ ಬಿಟ್ಟದ್ದು. ಹನಿಗಳ ನಡುವಿನ ಅಂತರ ಹೆಚ್ಚಾದರೆ ಬಿಡಿ ಬಿಡಿ ಚುಕ್ಕೆಗಳು. ಕಡಿಮೆ ಮಾಡುತ್ತ ಬಂದರೆ ಅಂಚು ಅಲೆ ಅಲೆಯಾದ ಗೆರೆ. ಇನ್ನೂ ಕಡಿಮೆ ಮಾಡಿದರೆ ನಯವಾದ ಗೆರೆ. ಅದಕ್ಕಿಂತ ಕಡಿಮೆ ಮಾಡಿದರೆ ಶಾಯಿ ಹೆಚ್ಚಾಗಿ ಅಲ್ಲಲ್ಲಿ ಉಬ್ಬುತ್ತದೆ. ಉಬ್ಬು ಚಾನೆಲ್‌ನ ಕಡೆ ಬಂದರೆ ಸೋರ್ಸ್ ಮತ್ತು ಡ್ರೇನ್ ಮುಟ್ಟಿಕೊಳ್ಳುತ್ತವೆ. ಹನಿ ತಲದ ಮೇಲೆ ಹರಡಿದ ವ್ಯಾಸದ ಅರ್ಧದಷ್ಟು ಅಂತರದಿಂದ ಆರಂಭಿಸಿ ಆಚೀಚೆ ಪ್ರಯತ್ನಿಸುವುದು ಒಳ್ಳೆಯದು. ಗೆರೆ ಮಣಿಗಳ ಸಾಲಿನಂತೆ ಒಡೆದು ನಿಂತರೆ ತಲ ಶಾಯಿಯನ್ನು ದೂಡುತ್ತಿದೆ. ಸಾಮಾನ್ಯವಾಗಿ ಅವಾಹಕ ಪದರಕ್ಕೆ ಒಟಿಎಸ್ ಎಂಬ, ನೀರನ್ನು ದೂಡುವ ಅಣುಪದರದ ಸಂಸ್ಕಾರವನ್ನು ಮುದ್ರಣಕ್ಕೆ ಮೊದಲೇ ಮಾಡಿದ್ದು ಇದಕ್ಕೆ ಕಾರಣ. ಮೊದಲು ಮುದ್ರಿಸಿ ಕಾಯಿಸಿ, ಆಮೇಲೆ ಆ ಸಂಸ್ಕಾರ ಮಾಡಿ.

ಅಂಚಿನಲ್ಲಿ ಏಳುವ ದಿಬ್ಬದ ಬಗ್ಗೆ ವಿಶೇಷವಾಗಿ ಹೇಳಬೇಕು. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಕಲೆಯ ಅಂಚು ಗಾಢವಾಗಿ, ನಡು ತೆಳುವಾಗಿ ಉಳಿಯುತ್ತದಲ್ಲ, ಇದು ಅದೇ. ಅಂಚಿನಲ್ಲಿ ದ್ರಾವಕ ಬೇಗ ಆರುತ್ತದೆ, ಆ ನಷ್ಟ ತುಂಬಲು ನಡುವಿನಿಂದ ದ್ರವ ಹರಿದು ಬರುತ್ತದೆ, ಜೊತೆಗೆ ಕಣಗಳನ್ನೂ ಹೊತ್ತು ತರುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ತಂಡ 1997ರಲ್ಲಿ ಇದನ್ನು ವಿವರಿಸಿತು. ಟ್ರಾನ್ಸಿಸ್ಟರ್‌ನಲ್ಲಿ ಇದರ ಹಾನಿ ಎಂದರೆ ಚಾನೆಲ್ ಆರಂಭವಾಗುವ ಜಾಗದಲ್ಲೇ ದಿಬ್ಬ ನಿಲ್ಲುವುದು. ಅಲ್ಲಿ ಅರೆವಾಹಕದ ಹರಳುಗಳು ಮುರಿದು ಬೆಳೆಯುತ್ತವೆ, ಲೇಪನ ತೆಳುವಾಗುತ್ತದೆ, ಗೇಟ್ ಮೇಲಿರುವ ರಚನೆಯಲ್ಲಾದರೆ ದಿಬ್ಬ ಅವಾಹಕ ಪದರವನ್ನೇ ಚುಚ್ಚುತ್ತದೆ. ಮೇಲ್ಮೈಯ ಏರುತಗ್ಗು ಅಳೆಯುವ ಪ್ರೊಫೈಲೋಮೀಟರ್‌ನಲ್ಲಿ ಗೆರೆಯ ಅಡ್ಡಕ್ಕೆ ಒಂದು ಅಳತೆ ತೆಗೆದರೆ ಎರಡು ಕೊಂಬುಗಳಂತೆ ಕಾಣುವುದು ಇದೇ. ಪರಿಹಾರಕ್ಕೆ ಶಾಯಿಯಲ್ಲಿ ಬೇಗ ಆರುವ ದ್ರಾವಕದ ಜೊತೆ ನಿಧಾನ ಆರುವ ಇನ್ನೊಂದನ್ನು ಸ್ವಲ್ಪ ಬೆರೆಸಬೇಕು. ಕುದಿಬಿಂದು 197 ಡಿಗ್ರಿಯಿರುವ ಎಥಿಲೀನ್ ಗ್ಲೈಕಾಲ್ ಇದಕ್ಕೆ ಬಳಕೆಯಲ್ಲಿದೆ. ಬೇಗ ಒಣಗಲಿ ಎಂದು ಮುದ್ರಣದ ಹಲಗೆಯನ್ನು ಬಿಸಿಮಾಡುವ ಅಭ್ಯಾಸ ಅನೇಕ ಕಡೆ ಇದೆ. ದಿಬ್ಬ ಕಾಡುತ್ತಿದ್ದರೆ ಮೊದಲು ಆ ಬಿಸಿ ತಗ್ಗಿಸಿ ನೋಡಿ.

ತೀರ ಚಿಕ್ಕ ಚಾನೆಲ್ ಬೇಕಾದವರು ಹನಿಯ ಗುರಿಯನ್ನಷ್ಟೇ ನಂಬಿ ಕೂರಬಾರದು. ಕೇಂಬ್ರಿಡ್ಜ್‌ನ ಸಿರಿಂಗ್‌ಹೌಸ್ ಮತ್ತು ಸಂಗಡಿಗರು 2000ದಲ್ಲಿ ಪೂರ್ತಿ ಪಾಲಿಮರ್‌ನ ಟ್ರಾನ್ಸಿಸ್ಟರ್‌ಗಳನ್ನು ಇಂಕ್‌ಜೆಟ್‌ನಲ್ಲಿ ಮಾಡಿದಾಗ, ನೀರನ್ನು ದೂಡುವ ಪಾಲಿಇಮೈಡ್ ಪಟ್ಟಿಯನ್ನು ಮೊದಲೇ ಹಾಕಿ ಅದರ ಎರಡೂ ಬದಿಗೆ ಶಾಯಿ ಹರಿಯುವಂತೆ ಮಾಡಿ 5 ಮೈಕ್ರೊಮೀಟರ್ ಚಾನೆಲ್ ಪಡೆದರು.

ಚಾನೆಲ್‌ನಲ್ಲಿ ಒಂಟಿ ಬೆಳ್ಳಿ ಚುಕ್ಕೆಗಳು ಕಂಡರೆ ನಾಝಲ್ ನೋಡಿ. ಮುಖ್ಯ ಹನಿಯ ಹಿಂದೆ ಮರಿಹನಿ ಬರುತ್ತಿರಬಹುದು, ಇಲ್ಲವೇ ಹನಿ ಸೊಟ್ಟ ಹಾರುತ್ತಿರಬಹುದು. ನಾಝಲ್‌ನ ವೋಲ್ಟೇಜ್ ತಗ್ಗಿಸಿ, ಶಾಯಿಯನ್ನು ಮತ್ತೆ ಸೋಸಿ, ಸಾಧನದ ಹೊರಗೆ ಪರೀಕ್ಷೆಗಷ್ಟೇ ಒಂದು ಬಲಿಗೆರೆ ಎಳೆದ ನಂತರವೇ ನಿಜವಾದ ಗೆರೆಗೆ ಬನ್ನಿ. ಫ್ರಿಜ್‌ನಲ್ಲಿಟ್ಟ ಶಾಯಿಯನ್ನು ಕೋಣೆಯ ಉಷ್ಣತೆಗೆ ಬರುವ ಮೊದಲು ತೆರೆದರೆ ಒಳಗೆ ನೀರು ಸಾಂದ್ರಗೊಳ್ಳುತ್ತದೆ.

ಆಕಾರ ಸರಿ, ರೋಧ ಸರಿ, ಆದರೂ ಪ್ರವಾಹವಿಲ್ಲ

ಆಗ ಉಳಿಯುವುದು ಲೋಹ ಮತ್ತು ಅರೆವಾಹಕ ಸೇರುವ ಗಡಿ. ಬೆಳ್ಳಿಯ ವರ್ಕ್ ಫಂಕ್ಷನ್ (ಅದರಿಂದ ಒಂದು ಎಲೆಕ್ಟ್ರಾನ್ ಹೊರತೆಗೆಯಲು ಬೇಕಾದ ಶಕ್ತಿ) ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್. ಟಿಪ್ಸ್-ಪೆಂಟಸೀನ್‌ನಂಥ ಅರೆವಾಹಕದಲ್ಲಿ ಧನ ಆವೇಶ ಓಡಾಡುವ ಮಟ್ಟ 5.2ರ ಆಸುಪಾಸು. ನಡುವಿನ ಸುಮಾರು 0.9ರ ಅಂತರವೇ ತಡೆಗೋಡೆ. ಚಿನ್ನದ್ದು 5.1 ಎಂದು ಪುಸ್ತಕಗಳಲ್ಲಿ ಓದುತ್ತೇವೆ, ಆದರೆ ಅದು ನಿರ್ವಾತದಲ್ಲಿ ಶುದ್ಧವಾಗಿರುವ ಮೇಲ್ಮೈಯದು. ಗಾಳಿ ಕಂಡ ಚಿನ್ನದ್ದು ಅದಕ್ಕಿಂತ ಕಡಿಮೆ. ಪುಸ್ತಕದ ಅಂಕಿಗಳನ್ನು ಮುದ್ರಿತ ಮೇಲ್ಮೈಗೆ ಹಾಗೆಯೇ ಹಚ್ಚಬಾರದು.

ಬೆಳ್ಳಿಗೆ ಬಹಳ ಕಡೆ ಮಾಡುವ ಚಿಕಿತ್ಸೆ ಪೆಂಟಾಫ್ಲೋರೊಬೆಂಜೀನ್‌ಥಯಾಲ್. ಅದರ ಅಣುಗಳ ಗಂಧಕದ ತುದಿ ಬೆಳ್ಳಿಗೆ ಅಂಟಿ, ಫ್ಲೋರಿನ್ ತುದಿ ಹೊರಗೆ ನಿಂತು, ವರ್ಕ್ ಫಂಕ್ಷನ್ 5ರ ಮೇಲಕ್ಕೆ ಏರುತ್ತದೆ. ಎಥನಾಲ್‌ನಲ್ಲಿ 10 ಮಿಲಿಮೋಲಾರ್ ದ್ರಾವಣ ಮಾಡಿ ಕೆಲವೇ ನಿಮಿಷ ಮುಳುಗಿಸಿ, ತೆಗೆದ ಕೂಡಲೆ ಶುದ್ಧ ಎಥನಾಲ್‌ನಿಂದ ತೊಳೆದು ಒಣಗಿಸಿ. ದುರ್ವಾಸನೆಯೂ ಇದೆ, ವಿಷವೂ ಹೌದು. ಫ್ಯೂಮ್ ಹುಡ್ ಹೊರಗೆ ಬಾಟಲಿ ತೆರೆಯಬೇಡಿ. ಚಿಕಿತ್ಸೆ ಮಾಡಿಯೂ ಫಲ ಕಾಣದಿದ್ದರೆ ಕಣಗಳ ಹೊದಿಕೆ ಪೂರ್ತಿ ಹೋಗಿಲ್ಲದಿರುವುದೇ ಹೆಚ್ಚಿನ ಸಂಭವ, ಥಯಾಲ್‌ಗೆ ಅಂಟಲು ಬೆಳ್ಳಿಯೇ ಸಿಕ್ಕಿಲ್ಲ. ಹೆಚ್ಚು ಹೊತ್ತು ಮುಳುಗಿಸಿ ಸರಿಮಾಡಲು ಹೋಗಬೇಡಿ, ಬೆಳ್ಳಿಯ ಮೇಲ್ಮೈ ಒರಟಾಗುತ್ತದೆ. ಮತ್ತೆ ಚೆನ್ನಾಗಿ ಕಾಯಿಸಿ, ಅತಿನೇರಳೆ-ಓಝೋನ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು, ನಂತರ ಥಯಾಲ್‌ಗೆ ಹೋಗಿ. ಪೆಡಾಟ್-ಪಿಎಸ್‌ಎಸ್ ಎಲೆಕ್ಟ್ರೋಡ್‌ಗೆ ಇದಾವುದೂ ಬೇಡ. ಅದರ ವರ್ಕ್ ಫಂಕ್ಷನ್ ಸ್ವಭಾವತಃ 5ರ ಸುತ್ತಮುತ್ತ ಇದೆ.

ಗೇಟ್ ಸೋರಿಕೆ

ಗೇಟ್ ಪ್ರವಾಹವನ್ನು ಪ್ರತಿ ಅಳತೆಯಲ್ಲೂ ಬರೆದಿಡಿ. ಅರೆವಾಹಕವನ್ನು ಇಡೀ ತಲಕ್ಕೆ ಬಳಿದಿದ್ದರೆ ಸೋರಿಕೆಯ ದಾರಿ ಅದೇ ಇರಬಹುದು. ಸಾಧನದ ಸುತ್ತ ಸೂಜಿಯಿಂದ ಗೀರಿ ಬೇರ್ಪಡಿಸಿದ ಕೂಡಲೆ ಇಳಿದರೆ ಖಚಿತವಾಯಿತು. ಇಳಿಯದಿದ್ದರೆ ಅಳೆಯುವ ಸೂಜಿಯನ್ನೇ ಅನುಮಾನಿಸಿ. ಮುದ್ರಿತ ಬೆಳ್ಳಿ ಮೆದು. ಟಂಗ್‌ಸ್ಟನ್ ಸೂಜಿ ಅದನ್ನೂ ಕೆಳಗಿನ ಅವಾಹಕ ಪದರವನ್ನೂ ತೂರಿ ಗೇಟ್ ಮುಟ್ಟುತ್ತದೆ. ಸಂಪರ್ಕದ ಪ್ಯಾಡನ್ನು ಗೇಟ್ ಇಲ್ಲದ ಜಾಗಕ್ಕೆ ಎಳೆದು ಮುದ್ರಿಸಿದರೆ ಈ ಕಾಟ ತಪ್ಪುತ್ತದೆ.

ಬೆಳಿಗ್ಗೆ ಸರಿಯಿದ್ದದ್ದು ಸಂಜೆಗೆ ಕೆಟ್ಟರೆ

ಪೆಡಾಟ್-ಪಿಎಸ್‌ಎಸ್ ನೀರನ್ನು ಹೀರುತ್ತದೆ. ಬೆಂಗಳೂರಿನಲ್ಲಿ ಮಳೆಗಾಲದ ತೇವ ಏರಿಳಿದಾಗ ತೆರೆದಿಟ್ಟ ಗೆರೆಯ ರೋಧ ಬದಲಾಗಿದ್ದರೆ ಆಶ್ಚರ್ಯವಿಲ್ಲ. ತೇವಾಂಶದ ಅಳತೆಯನ್ನು ಪ್ರವಾಹದ ಅಳತೆಯ ಪಕ್ಕದಲ್ಲೇ ಬರೆಯುವ ರೂಢಿ ಮಾಡಿಕೊಳ್ಳಿ. ಬೆಳ್ಳಿಗೆ ಬೇರೆ ಎರಡು ಶತ್ರುಗಳು: ಗಾಳಿಯ ಗಂಧಕ ಅದನ್ನು ಕಪ್ಪಾಗಿಸುತ್ತದೆ, ತೇವ ಮತ್ತು ವೋಲ್ಟೇಜ್ ಸೇರಿದರೆ ಬೆಳ್ಳಿಯ ಅಯಾನುಗಳು ಒಂದು ಎಲೆಕ್ಟ್ರೋಡ್‌ನಿಂದ ಇನ್ನೊಂದರ ಕಡೆ ಸಾಗಿ ಎಳೆಗಳಾಗಿ ಬೆಳೆದು ಚಾನೆಲ್ ಕೂಡಿಸುತ್ತವೆ. ನಿಂತಲ್ಲೇ ಆಫ್ ಪ್ರವಾಹ (ಸಾಧನ ಆಫ್ ಆಗಿರುವಾಗಲೂ ಹರಿಯುವುದು) ಏರುತ್ತ ಹೋದರೆ ಸೂಕ್ಷ್ಮದರ್ಶಕದಲ್ಲಿ ಆ ಎಳೆಗಳನ್ನು ಹುಡುಕಿ. ಒಣ ಸಾರಜನಕದಲ್ಲಿ ಅಳೆದರೆ ಎರಡೂ ಹಿಂದೆ ಸರಿಯುತ್ತವೆ.

ಫಲಿತಾಂಶ ಅತಿಯಾಗಿ ಚೆನ್ನಾಗಿದ್ದರೆ

ಇದನ್ನೂ ದೋಷವೆಂದೇ ಎಣಿಸಬೇಕು. ಟ್ರಾನ್ಸ್‌ಫರ್ ವಕ್ರರೇಖೆಯಲ್ಲಿ (ಗೇಟ್ ವೋಲ್ಟೇಜ್ ಏರಿಸುತ್ತ ಪ್ರವಾಹ ಅಳೆದದ್ದು) ಪ್ರವಾಹದ ವರ್ಗಮೂಲವನ್ನು ಗೇಟ್ ವೋಲ್ಟೇಜ್ ಎದುರು ಬರೆದಾಗ ಒಂದೇ ಸರಳರೇಖೆ ಬರಬೇಕು. ಆರಂಭದಲ್ಲಿ ಕಡಿದಾಗಿ ಏರಿ, ಆಮೇಲೆ ಬಾಗಿ ಓರೆ ತಗ್ಗಿದರೆ, ಆ ಕಡಿದಾದ ಭಾಗದಿಂದ ತೆಗೆದ ಮೊಬಿಲಿಟಿ ನಿಜಕ್ಕಿಂತ ಹಲವು ಪಟ್ಟು ದೊಡ್ಡದಾಗಿ ಬರಬಹುದು. ಗೇಟ್ ವೋಲ್ಟೇಜ್ ಏರಿದಂತೆ ಸಂಪರ್ಕ ರೋಧ ಥಟ್ಟನೆ ಕುಸಿಯುವುದು ಇದರ ಮೂಲ, ಅರೆವಾಹಕದಲ್ಲಿ ಪವಾಡವೇನೂ ನಡೆದಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿದೆ. ಇಂಥ ರೇಖೆ ಬಂದರೆ ಎತ್ತರದ ಗೇಟ್ ವೋಲ್ಟೇಜ್‌ನ ಭಾಗದಿಂದ ಲೆಕ್ಕ ಹಾಕಿ, ಉದ್ದದ ಸರಣಿಯಿಂದ ಬಂದ ಅಂಕಿಯೊಂದಿಗೆ ತಾಳೆ ನೋಡಿ. ಅರೆವಾಹಕ ಗೆರೆಗಳ ಹೊರಗೂ ಹರಡಿದ್ದರೆ ಪ್ರವಾಹ ಬಳಸುದಾರಿಯಲ್ಲೂ ಹರಿಯುತ್ತದೆ, ಆಗ ಅಗಲವನ್ನು ಕಡಿಮೆ ಎಣಿಸಿದಂತಾಗಿ ಮೊಬಿಲಿಟಿ ಮತ್ತೆ ಉಬ್ಬುತ್ತದೆ. ಗೀರಿ ಬೇರ್ಪಡಿಸಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಬರೆದಿಡುವಾಗ ಮೊಬಿಲಿಟಿಯ ಪಕ್ಕದಲ್ಲಿ ಸೂಕ್ಷ್ಮದರ್ಶಕದಲ್ಲಿ ಅಳೆದ ಚಾನೆಲ್ ಉದ್ದ, ಅಗಲದಿಂದ ಗುಣಿಸಿದ ಸಂಪರ್ಕ ರೋಧ, ಅದನ್ನು ತೆಗೆದ ಗೇಟ್ ವೋಲ್ಟೇಜ್ ಈ ಮೂರನ್ನೂ ಸೇರಿಸಿ. ಮೇಲಿನ ಉದಾಹರಣೆಯಲ್ಲಿ 2 ಮೆಗಾಓಮ್ ಅನ್ನು 0.1 ಸೆಂಟಿಮೀಟರ್ ಅಗಲದಿಂದ ಗುಣಿಸಿದರೆ 200 ಕಿಲೊಓಮ್-ಸೆಂಟಿಮೀಟರ್. ಥಯಾಲ್ ಸರಿಯಾಗಿ ಕೂತ ಬೆಳ್ಳಿಯಲ್ಲಿ ಇದು ಹತ್ತಾರು ಪಟ್ಟು ಇಳಿಯಲು ಅವಕಾಶವಿದೆ.